ಪರ-ವಿರೋಧ: ಕೈಯಲ್ಲಿ ಹಣ ಕಡಿಮೆ ಇರುವವರು ಮಕ್ಕಳಿಗೆ ಮನೆಯಲ್ಲೇ ಓದಿಸಬಹುದಾ?

ಪರ: ಪುಸ್ತಕ ಪುಕ್ಕಟೆ ಸಿಗುವಾಗ ಲಕ್ಷ ಯಾಕೆ ಕೊಡಬೇಕು?

ಉಡುಪಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಇಬ್ಬರು ಮಕ್ಕಳು. ಇಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲಿ ಓದಿಸುತ್ತಿದ್ದೇವೆ. ನೆಂಟರಿಗೆ ಇದು ಹುಚ್ಚು. ಹುಚ್ಚೇ ಇರಲಿ, ಆದರೆ ಲೆಕ್ಕ ನೋಡಿ ಮಾತಾಡಲಿ.

ಶಾಲೆಗೆ ಹೋಗುತ್ತಿದ್ದಾಗ ಫೀಸು, ವ್ಯಾನು, ಎರಡು ಬಗೆಯ ಯೂನಿಫಾರ್ಮು, ಅವರ ಹತ್ತಿರವೇ ಕೊಳ್ಳಬೇಕಾದ ನೋಟ್‌ಬುಕ್ಕು, ವಾರ್ಷಿಕೋತ್ಸವಕ್ಕೆ ಬಾಡಿಗೆ ಡ್ರೆಸ್ಸು ಎಲ್ಲ ಸೇರಿ ವರ್ಷಕ್ಕೆ ಲಕ್ಷ ದಾಟುತ್ತಿತ್ತು. ಡ್ರೆಸ್ಸಿಗೆ ಕೊಟ್ಟ ಹಣದಲ್ಲಿ ಮಗು ಐದು ನಿಮಿಷ ಸ್ಟೇಜಿನ ಮೂಲೆಯಲ್ಲಿ ಮರವಾಗಿ ನಿಂತಿತ್ತು. ಈಗ ಇಬ್ಬರಿಗೂ ಸೇರಿ 15 ಸಾವಿರ ದಾಟುವುದಿಲ್ಲ. ಅದರಲ್ಲೂ ಇಂಟರ್ನೆಟ್ ಬಿಲ್ಲೇ ಜಾಸ್ತಿ.

ಪುಸ್ತಕ ಪುಕ್ಕಟೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಪಿಡಿಎಫ್ ಆಗಿ ಸಿಗುತ್ತವೆ. ಎನ್‌ಸಿಇಆರ್‌ಟಿಯದ್ದೂ ಹಾಗೆಯೇ. ವೀಡಿಯೊ ಬೇಕಾದರೆ 2017ರಿಂದ ದೀಕ್ಷಾ ಆ್ಯಪ್ ಉಂಟು. ಎಲ್ಲವನ್ನೂ ಪ್ರಿಂಟ್ ಮಾಡಬೇಡಿ, ಗಣಿತ ಮಾತ್ರ ಮಾಡಿ. ಒಂದು ಹಾಳೆಯಲ್ಲಿ ಎರಡು ಪುಟ, ಎರಡೂ ಬದಿ ತೆಗೆದರೆ ಕಾಗದ ಕಾಲು ಭಾಗಕ್ಕೆ ಇಳಿಯುತ್ತದೆ. ಕಥೆ ಪುಸ್ತಕಕ್ಕೆ ಪಂಚಾಯತಿನ ಅರಿವು ಕೇಂದ್ರ, ಅಂದರೆ ಗ್ರಂಥಾಲಯ, ಉಂಟು. ನಮ್ಮೂರಿನದ್ದರಲ್ಲಿ ಮಧ್ಯಾಹ್ನ ಹೋದರೆ ಪೇಪರ್ ಓದುವ ಇಬ್ಬರು ಹಿರಿಯರು ಬಿಟ್ಟರೆ ಯಾರೂ ಇರುವುದಿಲ್ಲ.

ಹತ್ತನೇ ಪರೀಕ್ಷೆಗೆ ಎಂತ ಮಾಡುತ್ತೀರಿ ಎಂದು ಕೇಳುತ್ತಾರೆ. ಎನ್‌ಐಒಎಸ್ ಎನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲೆ 1989ರಿಂದ ಉಂಟು. 14 ತುಂಬಿದರೆ ಹತ್ತನೆಯದಕ್ಕೆ ನೋಂದಣಿ ಮಾಡಬಹುದು. ಐದು ವಿಷಯ ಪಾಸಾದರೆ ಸಾಕು. ನೋಂದಣಿ ಐದು ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಟ್ಟು ಒಂಬತ್ತು ಅವಕಾಶ. ಈ ವರ್ಷ ಎರಡು ವಿಷಯ, ಮುಂದಿನ ವರ್ಷ ಮೂರು ಎಂದು ಹಂಚಿಕೊಳ್ಳಬಹುದು. ಖರ್ಚು ಕೆಲವೇ ಸಾವಿರ.

ನಮಗೆ ಇದರಲ್ಲಿ ಸಿಕ್ಕಿದ್ದು ಹಣ ಮಾತ್ರ ಅಲ್ಲ. ಕಳೆದ ಮಾರ್ಚಿನಲ್ಲಿ ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ವರ್ಷದಲ್ಲಿ ನಾವು ಒಂದೇ ಸಲಕ್ಕೆ ಮಾಡಿದ ದೊಡ್ಡ ಖರ್ಚು ಅದೇ. ಅಲ್ಲಿ ಕಲ್ಲುಗಳೆಲ್ಲ ಕಂಬ ಕಂಬವಾಗಿ ನಿಂತಿವೆ, ಮೇಲಿಂದ ನೋಡಿದರೆ ಹೆಚ್ಚಿನವು ಆರು ಮೂಲೆ. ಯಾರು ಕೆತ್ತಿದ್ದು ಎಂದು ಮಗಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಓದಿದೆವು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಿತ್ತು ಹೋಗುವ ಕಾಲದಲ್ಲಿ ಹರಿದ ಲಾವಾ ಅದು. ಆರುವಾಗ ಕುಗ್ಗಿ ಬಿರುಕು ಬಿಟ್ಟದ್ದೇ ಕಂಬವಾಗಿದೆ. ಮಗಳಿಗೆ ನಂಬಿಕೆ ಬರಲಿಲ್ಲ. ಮಾರನೇ ದಿನ ಸುಗ್ಗಿ ಕೊಯ್ದ ಗದ್ದೆಗೆ ಕರೆದುಕೊಂಡು ಹೋದೆ. ಒಣಗಿದ ಕೆಸರಿನಲ್ಲಿ ಬಿರುಕು ಬಿದ್ದು ಚಕ್ಕೆ ಚಕ್ಕೆಯಾಗಿತ್ತು. ಕೂತು ಮೂಲೆ ಎಣಿಸಿದಳು. ಐದು, ಆರು, ಮತ್ತೆ ಐದು. ತಮ್ಮನನ್ನೂ ಎಣಿಸಲು ಕೂರಿಸಿದಳು. ಸಂಜೆ ಗದ್ದೆಯ ಯಜಮಾನರು ಬಂದು, ಎಂತ ಮಾರಾಯ್ರೆ, ಎಂತಾದರೂ ಕಳೆದುಹೋಯಿತಾ ಎಂದು ಕೇಳುವವರೆಗೆ ಅಲ್ಲೇ ಇದ್ದೆವು. ಶಾಲೆಯಲ್ಲಿ ಇದಕ್ಕೆ ಒಂದು ಪೀರಿಯಡ್ ಕೂಡ ಸಿಗುತ್ತಿರಲಿಲ್ಲ.

ಸರ್ಕಾರಿ ಶಾಲೆಗೆ ಹಾಕಬಹುದಿತ್ತಲ್ಲ ಎನ್ನುವವರಿದ್ದಾರೆ. ಹಾಕಬಹುದಿತ್ತು. ಅದು ಬೇರೆ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮಕ್ಕಳಿಗೆ ಇರುವ ಖಾಸಗಿ ಶಾಲೆಯ 25 ಶೇಕಡಾ ಉಚಿತ ಸೀಟನ್ನು ಕೇಳಿದರೆ, 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗುವುದಿಲ್ಲ. ಇನ್ನು ಮಕ್ಕಳು ಸಮಾಜದಲ್ಲಿ ಬೆರೆಯುವುದಿಲ್ಲ ಎನ್ನುವವರು. ಬಾಯಿ ಮೇಲೆ ಬೆರಳಿಟ್ಟು ಆರು ಗಂಟೆ ಸಾಲಾಗಿ ಕೂರಿಸುವುದಕ್ಕೆ ಬೆರೆಯುವುದು ಎನ್ನುತ್ತಾರಾ? ಪಾಠ ಯಾರು ಮಾಡುತ್ತಾರೆ ಎಂದೂ ಕೇಳುತ್ತಾರೆ. ಹೆಂಡತಿ ಹೇಗೂ ಮನೆಯಲ್ಲೇ ಟೈಲರಿಂಗ್ ಮಾಡುವುದು, ಬೆಳಿಗ್ಗೆ ಮೂರು ಗಂಟೆ ಅವಳೇ ನೋಡಿಕೊಳ್ಳುತ್ತಾಳೆ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ವಿರೋಧ: ಕೋಟಾ ಮರೆಯಬೇಡಿ

ಸಂಪಾದಕರು ನನಗೆ ವಿರೋಧದ ಪಾಲು ಕೊಟ್ಟಿದ್ದಾರೆ. ಮನೆಪಾಠದ ಮೇಲೆ ನನಗೆ ದ್ವೇಷವೇನೂ ಇಲ್ಲ. ಮಂಗಳೂರಿನಲ್ಲಿ ಕೆಲಸ, ಬಸ್ಸು, ಮನೆ ಎಂದು ಓಡಾಡುವ ನನಗೆ ಅದರ ಬಗ್ಗೆ ಯೋಚಿಸಲು ಪುರುಸೊತ್ತೂ ಸಿಕ್ಕಿರಲಿಲ್ಲ. ಆದರೂ ಒಪ್ಪಿಕೊಂಡಿದ್ದೇನೆ, ಬರೆಯುತ್ತೇನೆ.

ಮೊದಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಆ ಕಾಯ್ದೆಯಲ್ಲಿ ದಂಡ ಇಲ್ಲ, ಅದೂ ನಿಜ.

ಎರಡನೆಯದು, ಹಣವೇ ಸಮಸ್ಯೆ ಆದರೆ ಸರ್ಕಾರಿ ಶಾಲೆ ಪುಕ್ಕಟೆ ಅಲ್ವಾ? ಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಮೊಟ್ಟೆ, 2013ರಿಂದ ಹಾಲು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದಲು ಬದಲು. ಶಾಲೆ ಇಷ್ಟು ಚೆನ್ನಾಗಿ ನಡೆಯುವ ಜಿಲ್ಲೆ ಹುಡುಕಿ ಬೇರೆಯವರು ಬರುತ್ತಾರೆ, ನಾವು ಬಿಡಿಸುವುದಾ? ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಬೇರೆ ಥರ ಕಲಿಸಿದರಲ್ಲ ಎಂದು ಯಾರಾದರೂ ತರುತ್ತಾರೆ. ಕಾರಂತರು ಕಾರಂತರು. ನಾವು ಡಿಸಿ ಮಳೆಗೆ ರಜೆ ಕೊಟ್ಟರೆ ತಲೆಗೆ ಕೈ ಹಿಡಿಯುವವರು.

ಅಂಥ ಒಂದು ಜುಲೈ ದಿನ ನಾನೂ ರಜೆ ಹಾಕಿ ಮಗನಿಗೆ ಭಿನ್ನರಾಶಿ ಹೇಳಿಕೊಡಲು ಕೂತೆ. ಅವನಿಗೆ ಛೇದ ಯಾಕೆ ಒಂದೇ ಮಾಡಬೇಕು ಎಂದು ಅರ್ಥವಾಗಲಿಲ್ಲ, ನನಗೆ ಅವನಿಗೆ ಯಾಕೆ ಅರ್ಥವಾಗುವುದಿಲ್ಲ ಎಂದು ಅರ್ಥವಾಗಲಿಲ್ಲ. ಹನ್ನೊಂದು ಗಂಟೆಗೆ ಇಬ್ಬರೂ ಮಾತು ಬಿಟ್ಟಿದ್ದೆವು. ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾ ನಗುತ್ತಿದ್ದರು. ನಮ್ಮ ಕಡೆ ಕಡಿಮೆ ಆದಾಯದ ಮನೆ ಎಂದರೆ ಹೆಚ್ಚಾಗಿ ಇಂಥ ಮನೆಯೇ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಮಕ್ಕಳು ಶಾಲೆಗೆ ಹೋದ ಮೇಲೆಯೇ ಅವರ ಕೈ ಓಡುವುದು. ಮೂರು ಗಂಟೆ ಪಾಠಕ್ಕೆ ಕೂತರೆ ಸಂಜೆ ಬೀಡಿ ಕೊಡುವ ಬ್ರಾಂಚಿಗೆ ಒಯ್ಯಲು ಏನಿರುತ್ತದೆ? ಪುಕ್ಕಟೆ ಪಾಠದ ಬಿಲ್ಲು ಅಲ್ಲಿ ಬರುತ್ತದೆ. ಈ ಲೆಕ್ಕವನ್ನು ಗಂಡಸರು ಬರೆದದ್ದು ನಾನು ಕಂಡಿಲ್ಲ.

ಕೊನೆಯದು, ಇದನ್ನು ಯಾರೂ ಹೇಳುವುದಿಲ್ಲ. ಸಿಇಟಿ ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15 ಶೇಕಡಾ, ಕನ್ನಡ ಮಾಧ್ಯಮದವರಿಗೆ 5 ಶೇಕಡಾ ಮೀಸಲು ಉಂಟು. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಶಾಲೆಯಲ್ಲಿ ಓದಿದ ಸರ್ಟಿಫಿಕೇಟು ಬೇಕು, ಅದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಸಹಿಯೂ ಬೇಕು. ಹಳ್ಳಿಯ ಬಡ ಮಗುವಿಗೆ ಇಂಜಿನಿಯರಿಂಗಿಗೋ ಮೆಡಿಕಲ್ಲಿಗೋ ಇರುವ ದೊಡ್ಡ ದಾರಿ ಇದು. ಅಡಿಗೆ ಮನೆಯಲ್ಲಿ ಓದಿದ್ದಕ್ಕೆ ಬಿಇಒ ಸಹಿ ಹಾಕುವುದಿಲ್ಲ.

ಒಂದರಿಂದ ನಾಲ್ಕರವರೆಗೆ ಮನೆಯಲ್ಲಿ ಕಲಿಸಿದರೆ ಆಕಾಶ ಬೀಳುವುದಿಲ್ಲ ಎಂದು ಹೇಳಿ ಮುಗಿಸೋಣ ಅಂತ ಇದ್ದೆ, ನಿಜವಾಗಿ ನನ್ನ ಅಭಿಪ್ರಾಯವೂ ಅದೇ. ಆದರೆ ಆ ನಾಲ್ಕು ವರ್ಷವೂ ಕೋಟಾದ ಆ ಹತ್ತು ವರ್ಷದ ಲೆಕ್ಕದಲ್ಲಿ ಬರುತ್ತದೆ.