ಆ್ಯಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಬೇಡಿ

'ಮಳೆಗಾಲದ ಪಾಚಿಗೆ ಬಾತ್‌ರೂಮ್ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿಸಿ ಸುರಿಯಿರಿ, ಐದೇ ನಿಮಿಷದಲ್ಲಿ ಅಂಗಳ ಸ್ವಚ್ಛ' ಎಂಬ ಸಂದೇಶ ಕಾರವಾರ, ಅಂಕೋಲಾ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಜೀವಕ್ಕೇ ಅಪಾಯ.

ಬಾತ್‌ರೂಮ್ ಆ್ಯಸಿಡ್ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಕಾರ್ಖಾನೆಗಳಲ್ಲಿ ಉಕ್ಕಿನ ತುಕ್ಕು ತೆಗೆಯುವುದೂ ಇದೇ. ಇದಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರಲ್ಲಿ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ಮೆಟ್ಟಿಲು ತಿಕ್ಕುವ ಅಮ್ಮನ ಮೂಗು ಇರುವುದೂ ಅಲ್ಲೇ. ಮೊದಲು ಬರೀ ಕೆಮ್ಮು, ಕಣ್ಣುರಿ. ಆದರೆ ಕೆಲವು ಗಂಟೆ ಕಳೆದು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆದ್ದರಿಂದ ಕೆಮ್ಮು ನಿಂತಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ.

ಆ್ಯಸಿಡ್ ಒಂದನ್ನೇ ಸುರಿದರೂ ಲಾಭವಿಲ್ಲ. ಚಿರೇಕಲ್ಲಿನ ಸಂದಿಯಲ್ಲಿ ಬುಸ್ಸೆಂದು ಏಳುವ ನೊರೆ ಪಾಚಿಯದಲ್ಲ, ಸಿಮೆಂಟು ಕರಗುತ್ತಿರುವ ಗುರುತು. ನಮ್ಮ ಹಿತ್ತಲ ಮೆಟ್ಟಿಲಿನ ಸಂದಿಗಳು ಹಾಗೇ ಪೊಳ್ಳಾಗಿ, ಕಲ್ಲು ಅಲ್ಲಾಡತೊಡಗಿದವು.

ಬ್ಲೀಚಿಂಗ್ ಪೌಡರನ್ನು ಬರೀ ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಅಲ್ಲಿ ಮೊದಲೇ ಆ್ಯಸಿಡ್ ಬಿದ್ದಿರಬಾರದು. ಬಾವಿಯತ್ತ ನೀರು ಹರಿಯದಂತೆಯೂ ನೋಡಿಕೊಳ್ಳಿ.

ಮೈಮೇಲೆ ಆ್ಯಸಿಡ್ ಬಿದ್ದರೆ ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ ಎರಡೂ ಬೇಡ. ಬಟ್ಟೆ ತೆಗೆದು ಕನಿಷ್ಠ 20 ನಿಮಿಷ ಹರಿಯುವ ನೀರು ಬಿಡಿ, ಆಮೇಲೆ ಆಸ್ಪತ್ರೆಗೆ ಹೋಗಿ.