ಸಣ್ಣ ರೈತ ಕೊಡುವ ಉದ್ರಿ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಉಪದೇಶದ ಹಾಗೆ ಕೇಳಿಸುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಸಣ್ಣ ಬೆಳೆಗಾರರ ಹತ್ತಿರ ವಾರಕ್ಕೊಂದು ಬುಟ್ಟಿ ತರಕಾರಿ ಕೊಡಲು ಹೇಳಿದ್ದೆ. ಅವರಿಗಿದ್ದದ್ದು ಒಂದು ತುಂಡು ಹೊಲ. ಮೂವತ್ತರಷ್ಟು ಮನೆಗಳೇ ಅವರ ಇಡೀ ಮಾರುಕಟ್ಟೆ. ಮೊದಲ ಎರಡು ತಿಂಗಳು ನನಗೆ ನನ್ನ ಮೇಲೇ ಹೆಮ್ಮೆ. ಬುಟ್ಟಿಯ ಫೋಟೋ ಕೂಡ ಹಾಕಿದ್ದೆ, ನೆನಪಿದ್ದವರು ನಗಬೇಡಿ. ಮೂರನೇ ತಿಂಗಳಲ್ಲಿ ಒಂದು ಪ್ರಯಾಣ ಬಂತು. ಹೊರಡುವ ಹಿಂದಿನ ರಾತ್ರಿ ‘ಈ ವಾರ ಬೇಡ’ ಅಂತ ಮೆಸೇಜ್ ಮಾಡಿದೆ. ‘ಆಯ್ತು ಸರ್’ ಅಂತ ಬಂತು. ಆಮೇಲೆ ನನಗೆ ಅದೇ ರೂಢಿಯಾಯಿತು. ನೆಂಟರ ಮನೆಗೆ ಹೋಗುವುದಿದ್ದರೆ ಬೇಡ. ಫ್ರಿಜ್‌ನಲ್ಲಿ ಹಿಂದಿನ ವಾರದ್ದೇ ಉಳಿದಿದ್ದರೆ ಬೇಡ. ದುಡ್ಡು ಕೊಡುತ್ತಿದ್ದದ್ದು ತಿಂಗಳ ಕೊನೆಗೆ. ಕೆಲವು ಸಲ ಅದೂ ಮರೆತು ಮುಂದಿನ ತಿಂಗಳ ಹತ್ತನೇ ತಾರೀಖು.

ಒಂದು ದಿನ ಅವರೇ ಹೇಳಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ‘ಸರ್, ನೀವು ರಾತ್ರಿ ಬೇಡ ಅಂತೀರಿ. ನಾನು ಸಂಜೆನೇ ಕೊಯ್ದಿರ್ತೀನಿ. ಕೊಯ್ದದ್ದನ್ನ ಗಿಡಕ್ಕೆ ವಾಪಸ್ ಅಂಟಿಸೋಕಾಗಲ್ವಲ್ಲ.’

ನಾನು ಅವರಿಗೆ ಬೆಂಬಲ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಕೂತು ಲೆಕ್ಕ ಹಾಕಿದರೆ ಉಲ್ಟಾ. ಬೀಜಕ್ಕೆ, ಗೊಬ್ಬರಕ್ಕೆ, ಕೂಲಿಗೆ ಅವರ ದುಡ್ಡು ಹೋಗಿ ಮೂರು ತಿಂಗಳಾಗಿರುತ್ತದೆ. ತರಕಾರಿ ನನ್ನ ಹೊಟ್ಟೆ ಸೇರಿ ಮತ್ತೆ ಮೂವತ್ತು ದಿನವಾದ ಮೇಲೆ ನನ್ನ ದುಡ್ಡು ಹೋಗುತ್ತದೆ. ಇದಕ್ಕೆ ನಮ್ಮಲ್ಲಿ ಒಂದು ಹಳೇ ಹೆಸರಿದೆ: ಉದ್ರಿ. ನನಗಿಂತ ಕಡಿಮೆ ದುಡ್ಡಿರುವ ಮನುಷ್ಯ ನನಗೆ ಬಡ್ಡಿ ಇಲ್ಲದೆ ಕೊಟ್ಟ ಸಾಲ. ಸಾಲ ಕೊಟ್ಟವರ ಫೋಟೋ ಹಾಕಿ ನಾನು ಲೈಕ್ ತಗೊಂಡೆ.

ಫೇರ್ ಟ್ರೇಡ್, ಅಂದರೆ ಬೆಳೆದವರಿಗೂ ನ್ಯಾಯ ಸಿಗುವ ವ್ಯಾಪಾರ, ಅಂದ ಕೂಡಲೇ ನಾವೆಲ್ಲ ಬೆಲೆಯ ಮಾತಿಗೆ ಬೀಳುತ್ತೇವೆ. ಹತ್ತು ಜಾಸ್ತಿ ಕೊಡಬೇಕಾ, ಚೌಕಾಸಿ ಮಾಡಬಹುದಾ, ಇತ್ಯಾದಿ. ಬೆಲೆ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ದುಡ್ಡು ಯಾವಾಗ ಕೈಗೆ ಬರುತ್ತದೆ, ಬೆಳೆ ಕೆಟ್ಟರೆ ನಷ್ಟ ಯಾರ ತಲೆಗೆ, ಮುಂದಿನ ವರ್ಷವೂ ಈ ಗಿರಾಕಿ ಇರುತ್ತಾನಾ, ಈ ಮೂರು ಪ್ರಶ್ನೆಗಳನ್ನು ನಾವು ಕೇಳುವುದೇ ಕಡಿಮೆ. ಸಣ್ಣವರ ವ್ಯಾಪಾರ ಮುಳುಗುವುದು ಹೆಚ್ಚಾಗಿ ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಮಜಾ ಏನೆಂದರೆ ಫೇರ್ ಟ್ರೇಡ್ ಶುರು ಮಾಡಿದವರಿಗೆ ಇದು ಮೊದಲಿನಿಂದ ಗೊತ್ತಿತ್ತು. ಇವತ್ತು ಪೊಟ್ಟಣಗಳ ಮೇಲೆ ಕಾಣುವ ಫೇರ್‌ಟ್ರೇಡ್ ಗುರುತಿನಂಥದ್ದು ಮೊದಲು ಬಂದದ್ದು 1988ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಹೆಸರು ಮ್ಯಾಕ್ಸ್ ಹಾವೆಲಾರ್. ಅದರ ಹಿಂದೆ ಇದ್ದವರು ನಿಕೊ ರೋಜೆನ್ ಮತ್ತು ಫ್ರಾನ್ಸ್ ವಾನ್ ಡೆರ್ ಹಾಫ್. ಎರಡನೆಯವರು ಡಚ್ ಪಾದ್ರಿ, ಮೆಕ್ಸಿಕೊದ ಒಹಾಕಾದಲ್ಲಿ ಸಣ್ಣ ಕಾಫಿ ಬೆಳೆಗಾರರ ನಡುವೆ ಇದ್ದವರು. ಅಲ್ಲಿನ ಯುಸಿರಿ ಅನ್ನುವ ಬೆಳೆಗಾರರ ಒಕ್ಕೂಟದ ಕಾಫಿಯೇ ಆ ಗುರುತು ಹೊತ್ತು ಮೊದಲು ಅಂಗಡಿಗೆ ಹೋಯಿತು. ಮರುವರ್ಷವೇ, 1989ರಲ್ಲಿ, ದೇಶ ದೇಶಗಳು ಕಾಫಿ ರಫ್ತಿಗೆ ಮಿತಿ ಹಾಕಿಕೊಂಡಿದ್ದ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ಬೆಲೆ ಪಾತಾಳಕ್ಕಿಳಿಯಿತು. 2001ರಲ್ಲಂತೂ ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ, 50 ಸೆಂಟ್‌ಗಿಂತ ಕೆಳಗೆ ಹೋಗಿತ್ತು. ಕೊಯ್ಲಿನ ಕೂಲಿಯೂ ಹುಟ್ಟದ ಬೆಲೆ ಅದು.

ಫೇರ್‌ಟ್ರೇಡ್ ನಿಯಮದ ಪ್ರಕಾರ ಬೆಲೆ ಎಷ್ಟೇ ಬಿದ್ದರೂ ಒಂದು ತಳ ಇರುತ್ತದೆ. ತೊಳೆದು ಸಂಸ್ಕರಿಸಿದ ಅರೇಬಿಕಾ ಕಾಫಿಗೆ ಆ ತಳ 2011ರಿಂದ ಪೌಂಡಿಗೆ 1.40 ಡಾಲರ್ ಇತ್ತು, 2023ರ ಆಗಸ್ಟ್‌ನಲ್ಲಿ 1.80 ಡಾಲರ್ ಆಯಿತು. ಪೇಟೆ ಬೆಲೆ ಅದಕ್ಕಿಂತ ಮೇಲಿದ್ದರೆ ಪೇಟೆ ಬೆಲೆಯನ್ನೇ ಕೊಡಬೇಕು. ಅದರ ಮೇಲೆ 20 ಸೆಂಟ್ ಪ್ರೀಮಿಯಂ. ಇದು ಒಕ್ಕೂಟಕ್ಕೆ ಹೋಗುವ ದುಡ್ಡು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಸದಸ್ಯರೇ ಕೂತು ತೀರ್ಮಾನಿಸುತ್ತಾರೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಯಾರೂ ಅಷ್ಟಾಗಿ ಹೇಳದ ಇನ್ನೊಂದು ನಿಯಮವಿದೆ. ಬೆಳೆಗಾರರ ಒಕ್ಕೂಟ ಕೇಳಿದರೆ ಕಾಫಿ ಕೊಳ್ಳುವವನು ಒಪ್ಪಂದದ ಮೊತ್ತದಲ್ಲಿ ಶೇ 60ರವರೆಗೆ ಮುಂಗಡದ ವ್ಯವಸ್ಥೆ ಮಾಡಬೇಕು. ನನಗೆ ಇಡೀ ಪದ್ಧತಿಯಲ್ಲಿ ತುಂಬಾ ಹಿಡಿಸಿದ್ದು ಇದೇ. ಯಾಕೆಂದರೆ ಕೊಯ್ಲಿಗೆ ಮುಂಚೆ ಕೈ ಖಾಲಿ ಇರುವ ಆ ಎರಡು ಮೂರು ತಿಂಗಳಲ್ಲೇ ದಲ್ಲಾಳಿ ಮನೆ ಬಾಗಿಲಿಗೆ ಬರುತ್ತಾನೆ. ಇವತ್ತು ದುಡ್ಡು ಕೊಡುತ್ತಾನೆ, ನಾಳೆಯ ಫಸಲನ್ನು ಅರ್ಧ ಬೆಲೆಗೆ ಬರೆಸಿಕೊಳ್ಳುತ್ತಾನೆ. ದಲ್ಲಾಳಿಯನ್ನು ಬೈಯುವುದು ಸುಲಭ. ಆದರೆ ಒಪ್ಪಿಕೊಳ್ಳಬೇಕು, ಕಷ್ಟದ ದಿನ ಬಾಗಿಲು ತಟ್ಟಿದವನು ಅವನೊಬ್ಬನೇ. ಒಳ್ಳೆಯ ಬೆಲೆ ಕೊಡುತ್ತೇವೆ ಅನ್ನುವ ನಾವೆಲ್ಲ ಬರುವುದು ಫಸಲು ಬಂದ ಮೇಲೆ.

ಹಾಗಂತ ಪೊಟ್ಟಣದ ಮೇಲೆ ಗುರುತು ಕಂಡ ತಕ್ಷಣ ಮನಸ್ಸು ಹಗುರ ಮಾಡಿಕೊಳ್ಳಬೇಡಿ. ಚಾಕೊಲೇಟನ್ನೇ ತಗೊಳ್ಳಿ. ಕೋಕೋ, ಸಕ್ಕರೆ, ಚಹಾ, ಹಣ್ಣಿನ ರಸಕ್ಕೆ ‘ಮಾಸ್ ಬ್ಯಾಲೆನ್ಸ್’ ಅನ್ನುವ ಪದ್ಧತಿಗೆ ಅನುಮತಿ ಇದೆ. ಕಾರ್ಖಾನೆ ಹತ್ತು ಟನ್ ಫೇರ್‌ಟ್ರೇಡ್ ಕೋಕೋ ಕೊಂಡರೆ, ಅದನ್ನು ಬೇರೆ ಕೋಕೋ ಜೊತೆ ಬೆರೆಸಿ, ಅಷ್ಟೇ ಪ್ರಮಾಣದ ಸರಕಿನ ಮೇಲೆ ಗುರುತು ಹಾಕಬಹುದು. ನಿಮ್ಮ ಕೈಯಲ್ಲಿರುವ ತುಂಡಿನಲ್ಲಿ ಆ ರೈತರ ಬೀಜ ಇದೆ ಅನ್ನುವ ಗ್ಯಾರಂಟಿ ಇಲ್ಲ. ಇದು ಮೋಸ ಅಂತ ನಾನು ಹೇಳುವುದಿಲ್ಲ. ದುಡ್ಡು ರೈತರಿಗೆ ಹೋಗಿರುತ್ತದೆ, ಸಾವಿರಾರು ಸಣ್ಣ ಹೊಲಗಳ ಬೀಜವನ್ನು ಬೇರೆ ಬೇರೆ ಇಡುವ ಖರ್ಚೂ ಉಳಿಯುತ್ತದೆ. ಆದರೆ ಹೊದಿಕೆಯ ಮೇಲಿನ ನಗುಮುಖದ ಫೋಟೋ ನೋಡಿ ನಾವು ಕಲ್ಪಿಸಿಕೊಳ್ಳುವ ಚಿತ್ರ ಬೇರೆ, ಅಲ್ವಾ?

ಇದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದಿದೆ. 2014ರಲ್ಲಿ ಲಂಡನ್ನಿನ ಸೋವಾಸ್ ವಿಶ್ವವಿದ್ಯಾಲಯದ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾದಲ್ಲಿ ಮಾಡಿದ ಅಧ್ಯಯನ ಹೊರಬಂತು. ಅವರು ಜಮೀನಿನ ಒಡೆಯರನ್ನು ಬಿಟ್ಟು ಅಲ್ಲಿ ಕೂಲಿಗೆ ಬರುವವರನ್ನು ಮಾತಾಡಿಸಿದರು. ಫೇರ್‌ಟ್ರೇಡ್ ಇರುವ ಕಡೆ ಕೂಲಿಯವರ ಸ್ಥಿತಿ ಬೇರೆ ಕಡೆಗಿಂತ ಉತ್ತಮವಾಗಿರಲಿಲ್ಲ, ಎಷ್ಟೋ ಕಡೆ ಕೂಲಿ ಕಡಿಮೆಯೇ ಇತ್ತು. ದೊಡ್ಡ ಜಗಳವೇ ಆಯಿತು ಆಗ. ಫೇರ್‌ಟ್ರೇಡ್ ಸಂಸ್ಥೆ ಹೋಲಿಕೆ ಸರಿಯಿಲ್ಲ ಅಂದಿತು. ಅದೇನೇ ಇರಲಿ, ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಣ್ಣ ರೈತನ ಹೊಲದಲ್ಲೂ ಅವನಿಗಿಂತ ಸಣ್ಣವರು ಬಗ್ಗಿ ಕಳೆ ಕೀಳುತ್ತಿರುತ್ತಾರೆ. ‘ಸಣ್ಣವರು’ ಅನ್ನುವ ಪದದ ಕೆಳಗೆ ಇನ್ನೂ ಒಂದು ಮೆಟ್ಟಿಲಿದೆ.

ಇನ್ನು ಪೇಟೆ ಬೆಲೆ ಏರಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಕೋಕೋ ಕಥೆ ಸಾಕು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯುವುದು ಐವರಿ ಕೋಸ್ಟ್ ಮತ್ತು ಘಾನಾ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತು, ಹಿಂದೆಂದೂ ಕಾಣದ ಬೆಲೆ. ಆದರೆ ಆ ಎರಡೂ ದೇಶಗಳಲ್ಲಿ ರೈತನ ಬೆಲೆಯನ್ನು ಸರ್ಕಾರ ಹಂಗಾಮಿನ ಶುರುವಿನಲ್ಲೇ ಕಟ್ಟಿತ್ತು, ಫಸಲಿನ ಬಹುಪಾಲು ಮೊದಲೇ ಮಾರಾಟವಾಗಿತ್ತು. ಹಾಗಾಗಿ ರೈತರ ಕೈಗೆ ಬಂದದ್ದು ಆ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಆದರೆ ಪೂಜಾರಿಯ ಪರವಾಗಿಯೂ ಒಂದು ಮಾತು: ಬೆಲೆ ಬಿದ್ದ ವರ್ಷ ರೈತನನ್ನು ಕಾಯಲೆಂದು ಇರುವುದೂ ಅದೇ ಕಟ್ಟಿದ ಬೆಲೆ.

ದೊಡ್ಡ ಅಂಗಡಿ ಸರಪಳಿಗಳು ಮಾಡುವುದೂ ನಾನು ಮಾಡಿದ್ದನ್ನೇ, ದೊಡ್ಡ ಪ್ರಮಾಣದಲ್ಲಿ ಅಷ್ಟೆ. ಸರಕು ತಗೊಂಡು ದುಡ್ಡು ತಡಮಾಡುವುದು. ಕೊನೇ ಗಳಿಗೆಯಲ್ಲಿ ಬೇಡ ಅನ್ನುವುದು. ಬ್ರಿಟನ್‌ನಲ್ಲಿ ಇಂಥ ದೂರು ನೋಡಲೆಂದೇ 2013ರಲ್ಲಿ ಒಂದು ಕಚೇರಿ ಶುರುವಾಯಿತು. 2016ರಲ್ಲಿ ಅದು ಕೊಟ್ಟ ವರದಿಯ ಪ್ರಕಾರ ದೇಶದ ಅತಿ ದೊಡ್ಡ ಸರಪಳಿಯೇ ತನ್ನ ಲಾಭ ಚೆನ್ನಾಗಿ ಕಾಣಲಿ ಅಂತ ಪೂರೈಕೆದಾರರ ದುಡ್ಡನ್ನು ಬೇಕೆಂದೇ ತಡಮಾಡಿತ್ತು. 2019ರಲ್ಲಿ ಯುರೋಪಿಯನ್ ಒಕ್ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇಗ ಕೆಡುವ ಪದಾರ್ಥಕ್ಕೆ 30 ದಿನದೊಳಗೆ, ಉಳಿದ ಕೃಷಿ ಮತ್ತು ಆಹಾರ ಪದಾರ್ಥಕ್ಕೆ 60 ದಿನದೊಳಗೆ ದುಡ್ಡು ಕೊಡಲೇಬೇಕು ಅಂತ ನಿಯಮ ಮಾಡಿತು. ಕೆಡುವ ಪದಾರ್ಥದ ಆರ್ಡರನ್ನು 30 ದಿನಕ್ಕಿಂತ ಕಡಿಮೆ ಸಮಯ ಇರುವಾಗ ರದ್ದು ಮಾಡುವ ಹಾಗಿಲ್ಲ. ದೂರು ಕೊಟ್ಟರು ಅಂತ ಪೂರೈಕೆದಾರರ ಮೇಲೆ ಹಗೆ ಸಾಧಿಸುವ ಹಾಗೂ ಇಲ್ಲ.

ಇದನ್ನು ಓದಿದ ದಿನ ನನಗೆ ನಗು ಬಂತು. ಮೂವತ್ತು ದಿನ! ನಾನು ಕೊಡುತ್ತಿದ್ದದ್ದು ಎಂಟು ಗಂಟೆ. ಕಾನೂನು ದೊಡ್ಡ ಕಂಪನಿಗೆ ಮಾತ್ರ, ನನ್ನಂಥವರಿಗಲ್ಲ. ಆದರೂ ರಾತ್ರಿ ಮೆಸೇಜ್ ಹಾಕುವ ನನ್ನ ಚಾಳಿ ಆವತ್ತಿಗೆ ನಿಂತಿತು.

ಹಾಗಾದರೆ ಬೇರೆ ದಾರಿ ಇಲ್ಲವೇ ಅಂದರೆ ಇದೆ, ಹೊಸದೂ ಅಲ್ಲ. ಜಪಾನ್‌ನಲ್ಲಿ 1970ರ ದಶಕದಲ್ಲಿ ‘ತೇಕೇ’ ಅನ್ನುವ ಪದ್ಧತಿ ಬೆಳೆಯಿತು. ಆ ಪದಕ್ಕೆ ಪಾಲುದಾರಿಕೆ ಅಂತ ಅರ್ಥ. ರಾಸಾಯನಿಕಗಳ ಬಗ್ಗೆ ಹೆದರಿದ ಮನೆಗಳ ಗುಂಪುಗಳು ನೇರವಾಗಿ ರೈತರ ಜೊತೆ ಒಪ್ಪಂದ ಮಾಡಿಕೊಂಡವು. ರೈತ ಬೆಳೆದದ್ದನ್ನೆಲ್ಲ ತಗೊಳ್ಳುತ್ತೇವೆ, ಸೊಟ್ಟಗಿದ್ದರೂ ತಗೊಳ್ಳುತ್ತೇವೆ ಅಂತ. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ಹೊಲಗಳಲ್ಲಿ ಇದೇ ಬಗೆಯ ಪದ್ಧತಿ ಶುರುವಾಯಿತು. ಅಲ್ಲಿ ಇದನ್ನು ಸಿಎಸ್‌ಎ, ಅಂದರೆ ಸಮುದಾಯದ ಬೆಂಬಲದಿಂದ ನಡೆಯುವ ಕೃಷಿ, ಅನ್ನುತ್ತಾರೆ. ಸದಸ್ಯರು ಹಂಗಾಮು ಶುರುವಾಗುವ ಮುಂಚೆಯೇ ಇಡೀ ಹಂಗಾಮಿನ ದುಡ್ಡು ಕೊಟ್ಟುಬಿಡುತ್ತಾರೆ. ಬೆಳೆ ಚೆನ್ನಾಗಿ ಬಂದರೆ ಬುಟ್ಟಿ ತುಂಬಾ. ಆಲಿಕಲ್ಲು ಬಿದ್ದರೆ ಬುಟ್ಟಿ ಅರ್ಧ, ದುಡ್ಡು ವಾಪಸ್ ಇಲ್ಲ. ಅಂದರೆ ಉದ್ರಿ ಕೊಡುವವರು ಇಲ್ಲಿ ತಿನ್ನುವವರು.

ಇದರಲ್ಲೂ ತೊಡಕಿದೆ. ಆರು ತಿಂಗಳ ತರಕಾರಿಯ ದುಡ್ಡನ್ನು ಒಟ್ಟಿಗೆ ಎತ್ತಿಕೊಡಲು ಎಲ್ಲರಿಗೂ ಆಗುವುದಿಲ್ಲ. ದಿನಗೂಲಿಯಲ್ಲಿ ಬದುಕುವವರಿಗೆ ‘ಸಣ್ಣ ರೈತರನ್ನು ಬೆಂಬಲಿಸಿ’ ಅಂತ ಹೇಳುವುದೇ ತಪ್ಪು. ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೋ ಅಲ್ಲಿ ಕೊಳ್ಳುವುದು ಅವರ ಹಕ್ಕು. ನಾನು ಮಾತಾಡುತ್ತಿರುವುದು ತಿಂಗಳ ಕೊನೆಯಲ್ಲಿ ಸ್ವಲ್ಪ ಉಳಿಯುವವರ ಬಗ್ಗೆ, ಅಂದರೆ ನನ್ನ ಬಗ್ಗೆ.

ಹತ್ತಿರದ್ದು ಅಂದ ಮಾತ್ರಕ್ಕೆ ಎಲ್ಲ ಒಳ್ಳೆಯದು ಅನ್ನುವ ನಂಬಿಕೆಯೂ ನನಗೆ ಈಗ ಇಲ್ಲ. ಹತ್ತಿರದಿಂದ ಬಂದರೆ ಪರಿಸರಕ್ಕೆ ತುಂಬಾ ಲಾಭ ಅಂತಾರೆ. 2008ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ ಅಲ್ಲಿನ ಆಹಾರದಿಂದ ಆಗುವ ಹಸಿರುಮನೆ ಅನಿಲದಲ್ಲಿ ಸಾಗಾಟದ ಪಾಲು ಶೇ 11 ಮಾತ್ರ. ಬಹುಪಾಲು ಹುಟ್ಟುವುದು ಬೆಳೆಯುವಾಗಲೇ. ಹತ್ತಿರ ಕೊಳ್ಳುವುದರ ನಿಜವಾದ ಲಾಭ ನನಗೆ ಕಂಡದ್ದು ಬೇರೆಯದು. ಕೇಳಬಹುದು. ಕೂಲಿಯವರಿಗೆ ಎಷ್ಟು ಕೊಡ್ತೀರಿ, ಈ ಸಲ ಯಾಕೆ ಹೀಗಾಯ್ತು, ಮುಂದಿನ ತಿಂಗಳು ದುಡ್ಡಿನ ಅಡಚಣೆ ಇದೆಯಾ ಅಂತ ಮುಖ ನೋಡಿ ಕೇಳಬಹುದು. ದೂರದ ಕಾಫಿಗೆ ಅದು ಆಗದು, ಅದಕ್ಕೇ ಅಲ್ಲಿ ಗುರುತು ಬೇಕು. ಗುರುತು ಅಂದರೆ ನನ್ನ ಪರವಾಗಿ ಯಾರೋ ಹೋಗಿ ಕೇಳಿಬಂದದ್ದು. ಅವರು ಎಲ್ಲವನ್ನೂ ಕೇಳಿರುವುದಿಲ್ಲ, ಆದರೆ ಸುಮ್ನೆ ಕೂತಿದ್ದ ನನಗಿಂತ ಜಾಸ್ತಿ ಕೇಳಿರುತ್ತಾರೆ.

ಇದು ಹವ್ಯಾಸಿಗಳ ಸಣ್ಣ ವಿಷಯ ಅಂತ ಯಾರಾದರೂ ಅಂದುಕೊಂಡಿದ್ದರೆ ಒಂದೇ ಲೆಕ್ಕ ಕೊಡುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಜಗತ್ತಿನ 60 ಕೋಟಿಗೂ ಹೆಚ್ಚು ಹಿಡುವಳಿಗಳಲ್ಲಿ ಆರಕ್ಕೆ ಐದು 2 ಹೆಕ್ಟೇರ್‌ಗಿಂತ ಚಿಕ್ಕವು. ಅವುಗಳ ಕೈಯಲ್ಲಿರುವುದು ಕೃಷಿ ಭೂಮಿಯ ಶೇ 12ರಷ್ಟು. ಅಷ್ಟರಲ್ಲೇ ಜಗತ್ತಿನ ಆಹಾರದ ಸುಮಾರು ಶೇ 35 ಬೆಳೆಯುತ್ತವೆ.

ನಮ್ಮ ಬುಟ್ಟಿಯ ಕಥೆಗೆ ಬರುತ್ತೇನೆ. ನಾವು ಏಳೆಂಟು ಮನೆಯವರು ಸೇರಿ ಈಗ ಮೂರು ತಿಂಗಳ ದುಡ್ಡನ್ನು ಮೊದಲೇ ಕೊಡುತ್ತೇವೆ. ಊರಲ್ಲಿ ಇಲ್ಲದ ವಾರ ಬುಟ್ಟಿ ಪಕ್ಕದ ಮನೆಗೆ ಹೋಗುತ್ತದೆ, ರದ್ದು ಮಾತ್ರ ಆಗುವುದಿಲ್ಲ. ಮೊದಲ ಸಲ ಮುಂಗಡ ಕೊಟ್ಟಾಗ ಅವರು ನೋಟು ಎಣಿಸಿ, ಮತ್ತೆ ಎಣಿಸಿ, ‘ಇನ್ನೂ ಬಿತ್ತಿಲ್ಲ ಸರ್’ ಅಂದರು. ಗೊತ್ತು ಅಂದೆ.

ಆ ಹಂಗಾಮಿನಲ್ಲೇ ಒಂದು ವಾರ ಮಳೆ ಹೊಡೆದು ಬೆಳೆಯೆಲ್ಲ ಮಲಗಿತು. ಬುಟ್ಟಿಯಲ್ಲಿ ಬಂದದ್ದು ಒಂದು ಹಿಡಿ ಸೊಪ್ಪು, ಸೀಳು ಬಿಟ್ಟ ನಾಲ್ಕು ಮೂಲಂಗಿ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂತು. ಇಷ್ಟು ದುಡ್ಡು ಕೊಟ್ಟು ಇಷ್ಟೇನಾ ಅಂತ. ಐದು ನಿಮಿಷ ಇತ್ತು ಆ ಸಿಟ್ಟು. ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಾ ಯೋಚಿಸಿದೆ: ಇಷ್ಟು ವರ್ಷ ಈ ಐದು ನಿಮಿಷ ಅವರ ಪಾಲಿಗೆ ಎಷ್ಟು ತಿಂಗಳಾಗಿರುತ್ತಿತ್ತೋ.