ಬಿಳೀದು ಎರಡು, ಪಿಂಕ್ ಒಂದು

ನಮ್ಮ ದಾವಣಗೆರೆಯಲ್ಲಿ ಮಾತ್ರೆಗಳಿಗೆ ಹೆಸರಿಲ್ಲ, ಬಣ್ಣ ಇದೆ.

ಮೊನ್ನೆ ಸಂಜೆ ಬೀದಿ ತುದಿಯ ಮೆಡಿಕಲ್ ಶಾಪಿಗೆ ಹೋಗಿದ್ದೆ. ನನಗೆ ಬೇಕಾಗಿದ್ದದ್ದು ಬೆರಳಿಗೆ ಸುತ್ತುವ ಪಟ್ಟಿ. ನನಗಿಂತ ಮುಂದೆ ಒಬ್ಬ ಯಜಮಾನರು ನಿಂತಿದ್ದರು. ಕೈಯಲ್ಲಿ ಡಾಕ್ಟರ ಚೀಟಿ ಇರಲಿಲ್ಲ, ಮಂಡಕ್ಕಿ ಪೊಟ್ಟಣ ಇತ್ತು.

"ಆ ಪಿಂಕ್ ಕಲರಿಂದು ಎರಡು ಕೊಡಪ್ಪಾ."

"ಯಾವ ಪಿಂಕು ಯಜಮಾನ್ರೇ? ಉದ್ದಂದಾ, ಗುಂಡಂದಾ?"

"ಹೋದ್ಸಲ ಕೊಟ್ಟಿದ್ಯಲ್ಲಪ್ಪ, ಮೊಣಕಾಲಿಗೆ."

"ಓ, ಅದಾ! ಜತೆಗೆ ಬಿಳೀದೂ ಎರಡು ಹಾಕಿರ್ತೀನಿ. ಗ್ಯಾಸ್ ಆಗಲ್ಲ."

ತಪಾಸಣೆ, ಚಿಕಿತ್ಸೆ, ಸಲಹೆ ಎಲ್ಲ ಸೇರಿ ಹದಿನೈದು ಸೆಕೆಂಡು. ಆಮೇಲೆ ಹುಡುಗ ಕತ್ತರಿ ತೆಗೆದ. ಹಿಡಿಕೆಗೆ ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಕತ್ತರಿ. ಶೀಟಿನ ಯಾವ ತುದಿಯಲ್ಲಿ ಎಕ್ಸ್‌ಪೈರಿ ಡೇಟು ಇತ್ತೋ ಸರಿಯಾಗಿ ಅದೇ ತುದಿಯಿಂದ ಕಚಕ್ ಅಂತ ಎರಡು ಮಾತ್ರೆ ಕತ್ತರಿಸಿದ. ಉಳಿದ ಎಂಟು ಡ್ರಾಯರಿಗೆ ವಾಪಸ್ ಹೋದವು. ಈಗ ಅವಕ್ಕೆ ಪೂರ್ತಿ ಹೆಸರಿಲ್ಲ, ಹುಟ್ಟಿದ ದಿನ ಇಲ್ಲ, ಸಾಯುವ ದಿನವೂ ಇಲ್ಲ. ಚಿರಂಜೀವಿಗಳು. ಡೇಟು ಇರುವ ತುದಿಯನ್ನು ಕೊನೆಯವರೆಗೆ ಉಳಿಸಿ, ಆಚೆ ಕಡೆಯಿಂದ ಕತ್ತರಿಸುತ್ತಾ ಬನ್ನಿ ಅನ್ನುವುದು ಎಷ್ಟು ಸಣ್ಣ ವಿಷಯ! ಆದರೆ ಈ ಕತ್ತರಿಗೆ ಅಕ್ಷರ ಕಂಡರೆ ಆಗುವುದಿಲ್ಲ.

ಹುಡುಗನ ಹಿಂದೆ ಗೋಡೆಯ ಮೇಲೆ ಫಾರ್ಮಸಿಸ್ಟ್ ಇದ್ದರು. ಗಾಜಿನ ಫ್ರೇಮಿನೊಳಗೆ, ಸರ್ಟಿಫಿಕೇಟಿನ ರೂಪದಲ್ಲಿ. ಪಕ್ಕದಲ್ಲಿ ದೇವರ ಫೋಟೊ. ಇಬ್ಬರಿಗೂ ಒಂದೇ ಊದಿನಕಡ್ಡಿ. ದೇವರು ಯಾವಾಗಲಾದರೂ ಪ್ರತ್ಯಕ್ಷ ಆಗಬಹುದು, ಫಾರ್ಮಸಿಸ್ಟ್ ಬಗ್ಗೆ ಮಾತ್ರ ಭರವಸೆ ಕೊಡಲಾರೆ. ಎಲ್ಲ ಅಂಗಡಿಯೂ ಹೀಗಲ್ಲ ಬಿಡಿ. ಚೀಟಿ ಓದಿ, ಕನ್ನಡಕ ಏರಿಸಿ, "ಇದನ್ನ ಊಟ ಆದಮೇಲೆ ತಗೋಬೇಕಮ್ಮ" ಅಂತ ಎರಡು ಸಲ ಹೇಳುವವರೂ ಇದ್ದಾರೆ. ಅಂಥವರ ಅಂಗಡಿಯಲ್ಲಿ ರಶ್ ಕಮ್ಮಿ. ಪ್ರಶ್ನೆ ಕೇಳ್ತಾರೆ ಅಂತ ಜನರಿಗೆ ಬೇಜಾರು.

ಈ ಊರಿನಲ್ಲಿ ಎರಡು ಮೆಡಿಕಲ್ ಕಾಲೇಜಿವೆ. ಜೆಜೆಎಂ ಶುರುವಾಗಿದ್ದು 1965ರಲ್ಲಿ. ಸುಮ್ನೆ ಒಂದು ಕಲ್ಲು ಎಸೆದರೆ ಡಾಕ್ಟರ ಕಾರಿಗೇ ಬೀಳುತ್ತದೆ. ಆದರೂ ಮೈ ಬಿಸಿಯಾದರೆ ನಾವು ಮೊದಲು ಕೇಳುವುದು ಕತ್ತರಿಯನ್ನು, ಆಮೇಲೆ ಪಕ್ಕದ ಮನೆಯವರನ್ನು, ಆಮೇಲೆ ವಾಟ್ಸಾಪನ್ನು. ಡಾಕ್ಟರು ಬರುವುದು ಕೊನೆಗೆ, ಬಿಲ್ಲು ಜಾಸ್ತಿ ಆಗುವ ಹೊತ್ತಿಗೆ.

ಮೊದಲು ಗ್ಯಾಸ್ ಮಾತ್ರೆ ವಿಷಯ ಮುಗಿಸೋಣ, ಯಾಕೆಂದರೆ ಅದು ನಮ್ಮೂರಿನ ಎರಡನೇ ಬೆಣ್ಣೆ ದೋಸೆ. ಪ್ಯಾಂಟೊಪ್ರಜೋಲ್ ಅನ್ನುವ ಈ ಮಾತ್ರೆ ಹೊಟ್ಟೆಯ ಗೋಡೆಯಲ್ಲಿ ಆಮ್ಲ ಸುರಿಯುವ ಪಂಪುಗಳಿಗೆ ಬೀಗ ಹಾಕುತ್ತದೆ. ಊಟ ಬಂದಾಗ ಪಂಪು ಏಳುತ್ತವೆ. ಅವು ಏಳುವ ಹೊತ್ತಿಗೆ ಮಾತ್ರೆ ಅಲ್ಲಿ ಕಾದಿರಬೇಕು. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಗೆ ಅನ್ನುವುದು. ನಮ್ಮವರು ಏನು ಮಾಡುತ್ತಾರೆ? ಎರಡು ಬೆಣ್ಣೆ ದೋಸೆ, ಮೇಲೊಂದು ಖಾಲಿ ದೋಸೆ, ಆಲೂಗಡ್ಡೆ ಪಲ್ಯ, ಮೂರು ಸಲ ಚಟ್ನಿ, ಒಂದು ಕಾಫಿ. ಆಮೇಲೆ ಎಲೆಅಡಿಕೆ ಹಾಕಿಕೊಂಡ ಹಾಗೆ ಜೇಬಿನಿಂದ ಮಾತ್ರೆ ತೆಗೆದು ಬಾಯಿಗೆ. ಪಕ್ಕದ ಚಿತ್ರದುರ್ಗದಲ್ಲಿ ಓಬವ್ವ ಕಿಂಡಿಯಲ್ಲೇ ಕಾದು ನಿಂತಳು. ನಾವು ಸೈನ್ಯವೆಲ್ಲ ಒಳಗೆ ಬಂದು, ಊಟ ಮುಗಿಸಿ, ಕೈ ತೊಳೆಯುವಾಗ ಒನಕೆ ಹುಡುಕುತ್ತೇವೆ.

ಡಾಕ್ಟರು ಹದಿನಾಲ್ಕು ದಿನಕ್ಕೆ ಬರೆದದ್ದನ್ನು ಹದಿನಾಲ್ಕು ವರ್ಷ ನುಂಗಿದವರು ನನ್ನ ಬಳಗದಲ್ಲೇ ಇದ್ದಾರೆ. ವರ್ಷಗಟ್ಟಲೆ ನುಂಗಿದರೆ ಮೈಯಲ್ಲಿ ಬಿ12 ಕಮ್ಮಿ ಆಗಬಹುದು, ಮೆಗ್ನೀಸಿಯಂ ಇಳಿಯಬಹುದು, ಮೂಳೆ ಮುರಿಯುವ ಸಂಭವ ಒಂಚೂರು ಏರಬಹುದು. ಕಾರಣ ಇದ್ದು ಡಾಕ್ಟರೇ ಮುಂದುವರಿಸಿ ಅಂದಿದ್ದರೆ ಅದು ಬೇರೆ ಮಾತು. ನಮ್ಮ ಕಾರಣ ಮಿರ್ಚಿ. ಮಿರ್ಚಿ ಬಿಡಬೇಕಾಗುತ್ತದೆ ಅಂತ ಮಾತ್ರೆ ಬಿಟ್ಟಿಲ್ಲ.

ಇದೇ ಜನಕ್ಕೆ ಬಿಪಿ ಮಾತ್ರೆ ಅಂದರೆ ಮಾತ್ರ ಹೆದರಿಕೆ! ನಮ್ಮ ದೊಡ್ಡಪ್ಪ ಅದನ್ನು ಮೂರು ತಿಂಗಳಿಗೆ ಬಿಟ್ಟರು. "ಒಂದ್ಸಲ ಶುರು ಮಾಡಿದ್ರೆ ಅಭ್ಯಾಸ ಆಗ್ಬಿಡ್ತದಂತೆ ಕಣೋ. ಸೈಡ್ ಎಫೆಕ್ಟ್ ಐತಂತೆ." ಯಾರು ಹೇಳಿದ್ದು ದೊಡ್ಡಪ್ಪ? "ಪಾರ್ಕಿನಲ್ಲಿ ಒಬ್ರು." ಇಷ್ಟು ಹೇಳಿ ಬಿಸಿನೀರಿನ ಜತೆ ಗ್ಯಾಸ್ ಮಾತ್ರೆ ನುಂಗಿದರು. ಅದು ಹತ್ತು ವರ್ಷದಿಂದ ದಿನಾ ನಡೆದಿದೆ. ಅಭ್ಯಾಸ ಏನಿಲ್ಲ.

ಒಂದು ದಿನ ದೊಡ್ಡಪ್ಪನಿಗೆ ಮಾತ್ರೆ ಡಬ್ಬಿಯೊಳಗಿನ ಕಾಗದ ಸಿಕ್ಕಿತು. ಮಡಚಿ ಮಡಚಿ ಲಾಡಿನಷ್ಟು ದಪ್ಪ, ಬಿಚ್ಚಿದರೆ ಟವೆಲ್ಲಿನಷ್ಟು ಅಗಲ. ಅಕ್ಷರ ಸಾಸಿವೆಗಿಂತ ಸಣ್ಣದು, ಎಲ್ಲ ಇಂಗ್ಲಿಷು. ಜೋಳದ ಬೀಜದ ಚೀಲದ ಮೇಲೆ, ಸೋಪಿನ ಕವರಿನ ಮೇಲೆ ಕನ್ನಡ ಸಿಗುತ್ತದೆ. ಪ್ರಾಣಕ್ಕೆ ಸಂಬಂಧಪಟ್ಟ ಕಾಗದದಲ್ಲಿ ಮಾತ್ರ ಕನ್ನಡಕ್ಕೆ ಜಾಗ ಸಾಲಲಿಲ್ಲ. ಮೊಮ್ಮಗಳು ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ, ಓದಿ ಹೇಳಿದಳು. ತಲೆಸುತ್ತು, ವಾಂತಿ, ಮಲಬದ್ಧತೆ, ಮೈ ತುರಿಕೆ. ಸಂಜೆಯೊಳಗೆ ದೊಡ್ಡಪ್ಪನಿಗೆ ನಾಲ್ಕೂ ಬಂದವು. ಅವತ್ತು ಮಾತ್ರೆ ಇನ್ನೂ ನುಂಗಿರಲಿಲ್ಲ.

ಆ ಕಾಗದಗಳಿಗೆ ಒಂದು ಲೆಕ್ಕ ಇರುತ್ತದೆ. 'ಸಾಮಾನ್ಯ' ಅಂತ ಬರೆದಿದ್ದರೆ ನೂರು ಜನ ನುಂಗಿದರೆ ಒಬ್ಬರಿಂದ ಹತ್ತು ಜನಕ್ಕೆ ಆಗುವುದು ಅಂತ. 'ತೀರಾ ಅಪರೂಪ' ಅಂದರೆ 10,000 ಜನರಲ್ಲಿ ಒಬ್ಬರಿಗಿಂತ ಕಮ್ಮಿ. ನಮ್ಮ ಮನೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹತ್ತು ಸಾವಿರದಲ್ಲಿ ಆ ಒಬ್ಬರು ನಮ್ಮ ದೊಡ್ಡಪ್ಪನೇ. ಲಾಟರಿ ಮಾತ್ರ ಒಂದು ಸಲವೂ ಹೊಡೆದಿಲ್ಲ.

ದೊಡ್ಡಮ್ಮನದು ತದ್ವಿರುದ್ಧ. ಕೊಟ್ಟದ್ದೆಲ್ಲ ನುಂಗುವ ಸ್ವಭಾವ. ಅವರ ಕಥೆ ಸ್ವಲ್ಪ ನಿಧಾನವಾಗಿ ಕೇಳಿ.

ಡಾಕ್ಟರು ಅವರಿಗೆ ಬಿಪಿಗೆ ಆಮ್ಲೋಡಿಪಿನ್ ಕೊಟ್ಟರು. ಒಳ್ಳೇ ಮಾತ್ರೆ, ಲಕ್ಷಾಂತರ ಜನ ತಗೊಳ್ಳುತ್ತಾರೆ. ಕೆಲವರಿಗೆ ಅದರಿಂದ ಕಾಲು ಊದುತ್ತದೆ. ದೊಡ್ಡಮ್ಮನಿಗೂ ಊದಿತು. ಡಾಕ್ಟರಿಗೆ ಫೋನ್ ಮಾಡುವುದು ಬಿಟ್ಟು ಎದುರು ಮನೆಯವರಿಗೆ ಕಾಲು ತೋರಿಸಿದರು. "ನೀರು ತುಂಬೈತೆ ಅಕ್ಕಾ" ಅಂದರು ಅವರು. ಕತ್ತರಿಯ ಹುಡುಗ ನೀರಿಳಿಸುವ ಮಾತ್ರೆ ಕೊಟ್ಟ. ಅದನ್ನು ಸಂಜೆ ನುಂಗಿದರು. ರಾತ್ರಿಯಿಡೀ ಬಚ್ಚಲುಮನೆಗೂ ಮಂಚಕ್ಕೂ ನಡಿಗೆ. ನಿದ್ದೆ ಹೋಯಿತು. ಯಾರದೋ ಮನೆಯಲ್ಲಿ ಉಳಿದಿದ್ದ ನಿದ್ದೆ ಮಾತ್ರೆ ಬಂತು. ಆ ಮಂಪರಿನಲ್ಲೇ ಎದ್ದು ಹೋಗಿ ಹೊಸ್ತಿಲು ಎಡವಿ ಬಿದ್ದರು. ಸೊಂಟ ನೋವು. ಪಿಂಕ್ ಮಾತ್ರೆ ಬಂತು. ನೋವಿನ ಮಾತ್ರೆಗಳಿಗೆ ಬಿಪಿ ಏರಿಸುವ ಗುಣ ಉಂಟು, ನೀರಿಳಿಸುವ ಮಾತ್ರೆಯ ಕೆಲಸವನ್ನೂ ಅವು ಮೊಟಕು ಮಾಡುತ್ತವೆ. ಬಿಪಿ ಏರಿತು. ಹುಡುಗ ಹೇಳಿದ, "ಬಿಪಿ ಮಾತ್ರೆ ಎರಡು ತಗೊಳ್ಳಿ ದೊಡ್ಡಮ್ಮಾ."

ಕಾಲು ಇನ್ನೂ ಜಾಸ್ತಿ ಊದಿತು. ರಿಂಗ್ ರೋಡಿನಲ್ಲಿ ಹೊರಟ ಆಟೋ ಊರೆಲ್ಲ ಸುತ್ತಿ ಹತ್ತಿದ ಕಡೆಗೇ ತಂದು ಇಳಿಸಿತ್ತು, ಮೀಟರ್ ಮಾತ್ರ ಓಡಿತ್ತು.

ಕೊನೆಗೆ ಎಲ್ಲ ಮಾತ್ರೆಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಡಾಕ್ಟರ ಟೇಬಲ್ಲಿನ ಮೇಲೆ ಬಗ್ಗಿಸಿದೆವು. ಅವರು ಒಂದೊಂದೇ ಬದಿಗೆ ಸರಿಸಿ, ಮೊದಲಿನ ಬಿಪಿ ಮಾತ್ರೆ ಬದಲಿಸಿದರು. ಹತ್ತು ದಿನದಲ್ಲಿ ಊತ ಇಳಿಯಿತು. ದೊಡ್ಡಮ್ಮನಿಗೆ ಸಮಾಧಾನ ಆಗಲಿಲ್ಲ. "ಅಷ್ಟು ದೂರ ಹೋದ್ರೂ ಒಂದು ಇಂಜೆಕ್ಷನ್ ಹಾಕಲಿಲ್ಲ ನೋಡು."

ಪಿಂಕ್ ಮಾತ್ರೆಯ ಬಗ್ಗೆ ಒಂದು ಮಾತು. ನೋವಿಗೆ ಕೊಡುವ ಡೈಕ್ಲೋಫೆನಾಕ್ ಇದೆಯಲ್ಲ, ಅದನ್ನು ಮೊದಲು ದನಗಳಿಗೂ ಕೊಡುತ್ತಿದ್ದರು. ಆ ದನ ಸತ್ತಾಗ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ಹಿಂಡುಹಿಂಡಾಗಿ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಸರ್ಕಾರ ನಿಷೇಧ ಮಾಡಿತು. ಉಳಿದ ಹದ್ದುಗಳಿಗೆ ರಾಮನಗರದ ಬೆಟ್ಟದಲ್ಲಿ ಒಂದು ಧಾಮವೂ ಆಯಿತು. ಮನುಷ್ಯನ ಕಿಡ್ನಿ ಹದ್ದಿನಷ್ಟು ನಾಜೂಕಲ್ಲ, ಎರಡು ದಿನ ಹೊಟ್ಟೆಗೆ ಊಟ ಹಾಕಿ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ವಯಸ್ಸಾದವರು, ಬಿಪಿ ಇರುವವರು, ಕಿಡ್ನಿ ಮೊದಲೇ ಸೋತವರು ತಿಂಗಳುಗಟ್ಟಲೆ ಪೆಪ್ಪರಮೆಂಟಿನ ಹಾಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಹದ್ದಿಗೆ ಧಾಮ ಸಿಕ್ಕಿತು, ನಮಗೆ ಡಯಾಲಿಸಿಸ್ ಕ್ಯೂ.

ಜ್ವರದ ಲೆಕ್ಕ ಇನ್ನೂ ಚೆನ್ನಾಗಿದೆ. ಮೊನ್ನೆ ಮಳೆಯಲ್ಲಿ ನೆನೆದು ನಾನೇ ಬಿದ್ದೆ. ಜ್ವರಕ್ಕೊಂದು ಶೀಟು, ಶೀತಕ್ಕೊಂದು, ಮೈಕೈ ನೋವಿಗೊಂದು. ಮೂರು ಬಣ್ಣ, ಮೂರು ಕಂಪನಿ. ಕಣ್ಣು ಕಿರಿದು ಮಾಡಿ ಓದಿದರೆ ಮೂರರೊಳಗೂ ಪ್ಯಾರಾಸಿಟಮಾಲ್! ಒಬ್ಬನೇ ಮನುಷ್ಯ ಅಂಗಿ ಬದಲಿಸಿಕೊಂಡು ಮದುವೆ ಮನೆಯಲ್ಲಿ ಮೂರು ಪಂಕ್ತಿಗೆ ಕೂತ ಹಾಗೆ. ಕೂಡಿದೆ. ಜ್ವರದ್ದು 650, ದಿನಕ್ಕೆ ಮೂರು. ಶೀತದ್ದು 500, ಅದೂ ಮೂರು. ನೋವಿನದು 325, ದಿನಕ್ಕೆ ಎರಡು. ಒಟ್ಟು 4,100 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 4,000 ಅನ್ನುವುದು ದಾಟಬಾರದ ಗೆರೆ, ದಾಟಿದರೆ ಪೆಟ್ಟು ಬೀಳುವುದು ಲಿವರಿಗೆ. ಮೊದಲೇ ದಿನಾ ಎಣ್ಣೆ ಹಾಕುವವರಿಗೆ ಆ ಗೆರೆ ಇನ್ನೂ ಹತ್ತಿರ. ನಾನು ಯಾವ ತಪ್ಪೂ ಮಾಡಿರಲಿಲ್ಲ, ಹೇಳಿದಂತೆ ಊಟ ಆದಮೇಲೇ ನುಂಗಿದ್ದೆ.

ಆ್ಯಂಟಿಬಯಾಟಿಕ್ ಬೇರೆ ಕೇಳಿದ್ದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. "ಸ್ವಲ್ಪ ಪವರ್ ಇರೋದು ಕೊಡು ಮಾರಾಯ." ನೆಗಡಿ ತರುವುದು ವೈರಸ್, ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾ. ಇದು ಬಸಾಪುರದ ಕಳ್ಳನಿಗೆ ಹೊಸಪೇಟೆಯಲ್ಲಿ ಲಾಠಿ ಚಾರ್ಜ್ ಮಾಡಿದ ಹಾಗೆ. ಅಂಥ ಶೀಟುಗಳ ಬೆನ್ನ ಮೇಲೆ ಒಂದು ಕೆಂಪು ಗೆರೆ ಇರುತ್ತದೆ, ಡಾಕ್ಟರು ಹೇಳದೆ ತಗೋಬೇಡಿ ಅಂತ. ನಮ್ಮ ಹುಡುಗನಿಗೆ ಅದರಿಂದ ಅನುಕೂಲ ಆಗಿದೆ. ಗೆರೆ ನೇರ ಇರುವುದರಿಂದ ಕತ್ತರಿ ವಾಲುವುದಿಲ್ಲ.

ಮತ್ತೆ ಬಾಟಲಿ. ಬೇಸಿಗೆಯಲ್ಲಿ ಸುಸ್ತಾದರೆ ನಮ್ಮವರಿಗೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳದೆ ಮನಸ್ಸಿಗೆ ಹಿಡಿಸುವುದಿಲ್ಲ. ಅರ್ಧ ಲೀಟರಿನ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸು. ಹೆಚ್ಚುಕಮ್ಮಿ ಐದಾರು ಚಮಚ ಸಕ್ಕರೆ. ಬಾಯಲ್ಲಿ ನೀರು ಇಳಿಯದವರಿಗೆ ಅದು ಜೀವ ಉಳಿಸುತ್ತದೆ, ನಿಜ. ಬಾಯಲ್ಲಿ ಮಿರ್ಚಿ ಇಳಿಯುತ್ತಿರುವವರಿಗೆ ಅದು ದುಬಾರಿ ಪಾನಕ.

ಮಾತ್ರೆಯಿಂದ ತೊಂದರೆ ಆದರೆ ತಿಳಿಸುವುದಕ್ಕೂ ವ್ಯವಸ್ಥೆ ಇದೆ. 2010ರಿಂದ ದೇಶದಲ್ಲಿ ಅದಕ್ಕೇ ಒಂದು ಕಾರ್ಯಕ್ರಮ ನಡೆಯುತ್ತಿದೆ, ಕಚೇರಿ ಗಾಜಿಯಾಬಾದಿನಲ್ಲಿ, 1800-180-3024 ಅನ್ನುವ ಪುಕ್ಕಟೆ ನಂಬರೂ ಇದೆ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ಮಾತ್ರೆ ಹೆಸರೇನು ಅಂತ ಕೇಳ್ತಾರಾ?" ಅಂದರು. ಕೇಳುತ್ತಾರೆ ಅಂದೆ. "ಹಂಗಾದ್ರೆ ಬಿಡು."

ಅವರ ಮನೆಯಲ್ಲಿ ಟಿವಿ ಪಕ್ಕ ಒಂದು ಹಳೇ ಬಿಸ್ಕೆಟ್ ಡಬ್ಬ ಇದೆ. ಕತ್ತರಿಸಿ ಉಳಿದ ಮಾತ್ರೆಗಳ ಅನಾಥಾಶ್ರಮ. ಒಂಟಿ, ಜೋಡಿ, ಮೂರರ ಗುಂಪು, ಒಂದರ ಬೆನ್ನ ಮೇಲೆ 'ಜೋಲ್' ಅಂತ ಬಾಲ ಉಳಿದಿದೆ, ತಲೆ ಇಲ್ಲ. ಕಳೆದ ಭಾನುವಾರ ನಾನು ಹೋದಾಗ ಹರಿಹರದಿಂದ ಬೀಗರು ಬಂದಿದ್ದರು, ತಲೆ ಹಿಡಿದುಕೊಂಡು ಕೂತಿದ್ದರು. ದೊಡ್ಡಪ್ಪ ಡಬ್ಬ ತೆಗೆದು ಎರಡು ನಿಮಿಷ ಕೈಯಾಡಿಸಿ ಒಂದನ್ನು ಆರಿಸಿದರು.

"ಯಾವುದು ಇದು, ಬೀಗರೇ?"

"ಬಿಳೀದು. ತಗೊಳ್ರಿ, ಏನಾಗಲ್ಲ."

ಅರ್ಧ ಗಂಟೆ ಬಿಟ್ಟು ವಿಚಾರಿಸಿದರು. "ಹೆಂಗೈತಿ ಈಗ ತಲೆನೋವು?"

ಬೀಗರು ಸೋಫಾಕ್ಕೆ ಒರಗಿದ್ದರು, ಕಣ್ಣು ಅರ್ಧ ಮುಚ್ಚಿತ್ತು. "ಅದು ಹಂಗೇ ಐತ್ರಿ. ಮೂಗು ಸೋರೋದು ನಿಂತತಿ."